ಬರ್ಕಾದಲ್ಲಿ ಬಾರಿಹಣ್ಣಿನ ನೊಣ

ಮುದುಕ ಖಲ್ಫಾನ್ ಪಿಕಪ್ಪಿನಿಂದಿಳಿದು
ಮೇಜಿನ ಮೇಲೆ ಡಬ್ಬಿಯೊಂದನ್ನಿಟ್ಟ.
ನಬಕ್, ಅಂದ. ಬಾರಿಹಣ್ಣು, ಅಂದೆ ನಾನು.
ಎರಡು ಬೆರಳಲ್ಲಿ ಹಿಚುಕಿ ತೋರಿಸಿದ:
ಬೀಜಕ್ಕೊರಗಿ ಬೆಳ್ಳನೆಯ ಹುಳು
ತನ್ನ ಪಾಡಿಗೆ ತಿನ್ನುತ್ತಿತ್ತು.
"ನಿಮ್ಮ ಹಿಂದ್ ಕಡೆಯದೇ ಇದು,
ಹಡಗು ಹತ್ತಿ ಬಂದದ್ದು" ಎಂದು ನಕ್ಕ.
ನಾನು ವಿಮಾನದಲ್ಲಿ ಬಂದವಳು. ಸುಮ್ಮನಿದ್ದೆ.

ಮರಳು ಹಾಸಿ ಕಾದೆವು. ಹದಿನೇಳನೆಯ ಬೆಳಿಗ್ಗೆ
ನೊಣ ಎದ್ದಿತು: ಹಳದಿ ಬೆನ್ನು, ಕಾಡಿಗೆಯ ಚುಕ್ಕೆ,
ರೆಕ್ಕೆಗೆ ಇಳಕಲ್ಲಿನ ಸೀರೆಯಂಚಿನಂಥ ಪಟ್ಟಿ.
ಇಷ್ಟು ಚೆಂದದ್ದನ್ನು ಸ್ಪಿರಿಟ್ಟಿನಲ್ಲಿ ಮುಳುಗಿಸುವಾಗ
ಥುರಯಾ ಮುಖ ತಿರುಗಿಸುತ್ತಾಳೆ, ಪ್ರತಿಸಲ.
ಅರೆಯುವುದು ನನ್ನ ಪಾಲು.
ಅವ್ವ ಕೆಂಪು ಹಿಂಡಿ ಕುಟ್ಟುವಾಗ
ತಿರುಗುವ ಹಾಗೆಯೇ ನನ್ನ ಮಣಿಕಟ್ಟೂ.

ರಾತ್ರಿಯಿಡೀ ಯಂತ್ರ ಓದಿತು.
ಜೀವಕೋಶದ ಒಲೆಯೊಳಗೆ ಒಂದು ಉಂಗುರ,
ಹದಿನೈದು ಸಾವಿರಕ್ಕೂ ಮೇಲೆ ಅಕ್ಷರ,
ಗಂಡು ಕೊಟ್ಟದ್ದು ಒಂದೂ ಇಲ್ಲ ಅದರಲ್ಲಿ.
ತಾಯಿ ಕೊಟ್ಟದ್ದು. ಅವಳಿಗೆ ಅವಳ ತಾಯಿ.
ನನ್ನ ರೆಸಿಡೆನ್ಸ್ ಕಾರ್ಡಿನಲ್ಲಿ
ಅಪ್ಪನ ಹೆಸರಿದೆ, ಕಂಪನಿಯ ಹೆಸರಿದೆ,
ಎರಡರದ್ದೂ ಕಾಗುಣಿತ ತಪ್ಪು.

ಮೂವತ್ತೇಳು ಜೀನೂ ಸಾಲಾಗಿ ಸಿಕ್ಕವು.
ಆಮೇಲೆ ಶುರುವಾಯಿತು
ಎ ಟಿ ಎ ಟಿ ಎ ಎ ಟಿ ಟಿ ಟಿ ಎ,
ಜ್ವರ ಬಂದ ಮಗುವಿನ ಕನವರಿಕೆ.
ಯಂತ್ರ ಮುಗ್ಗರಿಸಿತು. ಮತ್ತೆ ಓಡಿಸಿದೆವು.
ಮತ್ತೆ ಅಲ್ಲೇ.
ಉಂಗುರ ಕೂಡಲಿಲ್ಲ.

ಗುರುವಾರ. ಇಲ್ಲಿ ಏಳೂವರೆ, ಮಾನ್ವಿಯಲ್ಲಿ ಒಂಬತ್ತು.
"ಅವ್ವಾ, ನಿಮ್ಮವ್ವನ ಅವ್ವನ ಹೆಸರೇನು?
ಬಸ್ ಸ್ಟ್ಯಾಂಡಿನಾಗ ಬಾರಿಹಣ್ಣು
ಸೇರಿಲೆ ಅಳೀತಿದ್ಳಲ್ಲ, ಆಕಿ?"
ಆ ಕಡೆ ಟೀವಿಯ ಸದ್ದು ಸಣ್ಣದಾಯಿತು.
"ಹಣ್ಣಿನಾಕಿ ಅಂತಿದ್ರು. ಹೆಸರು...
ಇದ್ದೇ ಇತ್ತು ತಗೋ, ಹೆಸರಿಲ್ಲದ ಇರತಾರೇನು?
ಯಾಕ, ಆಫೀಸಿನಾಗ ಕೇಳಿದ್ರೇನು?"

ಹೌದು, ಅಂದುಬಿಟ್ಟೆ.

ಗೊತ್ತಿಲ್ಲದ ಅಕ್ಷರದ ಜಾಗಕ್ಕೆ
ಎನ್ ಎಂದು ಬರೆಯುವುದು ನಮ್ಮಲ್ಲಿ ರೂಢಿ.
ಥುರಯಾ ಮನೆಗೆ ಹೋದಮೇಲೆ ಕೂತು ತುಂಬಿದೆ,
ಕೀಲಿಯ ಮೇಲಿಟ್ಟ ಬೆರಳು ಎತ್ತದೆ:
ಎನ್ ಎನ್ ಎನ್ ಎನ್ ಎನ್,
ಪರದೆಯ ಅಂಚು ದಾಟಿ ಕೆಳಗಿನ ಸಾಲಿಗೂ.

ಖಲ್ಫಾನ್ ನಿನ್ನೆ ತಂದ ಹೊಸ ಡಬ್ಬಿಯಲ್ಲಿ
ಹಣ್ಣೊಂದರಿಂದ ಹುಳು ಹೊರಬಿದ್ದು
ಬರಿಯ ಪ್ಲಾಸ್ಟಿಕ್ಕಿನ ಮೇಲೆ
ಮರಳು ಹುಡುಕುತ್ತಿತ್ತು.
ಹಾಕಲು ಎದ್ದೆ.