ಮೂರನೆಯ ಸೀಸೆ

ಇನಾಸ ಹಡಗಿನಿಂದ ಕಡೆಯ ಸಲ ಇಳಿದು ಬಂದಾಗ
ಲುಂಗಿಯಲ್ಲಿ ಸುತ್ತಿ ಮೂರು ಸೀಸೆ ತಂದ.
ಬೈತಖೋಲದ ಬೋಟುಗಳಿಗೆ ಮುಖ ಮಾಡಿದ ನನ್ನ ಜಗಲಿಯ ಮೇಲೆ
ಸಾಲಾಗಿ ಇಟ್ಟು,
"ಒಂದನ್ನು ಆರಿಸು ಮಾದೇವಿ, ಉಳಿದೆರಡು ನನಗೆ" ಅಂದ.
ಮೂವತ್ತೊಂದು ವರ್ಷ ಕಾರವಾರದ ಬಂದರು ಕಚೇರಿಯಲ್ಲಿ
ಬಂದ ಹಡಗು ಹೋದ ಹಡಗು ಬರೆದವಳು ನಾನು,
ಒಳಗಿದ್ದದ್ದನ್ನು ಒಮ್ಮೆಯೂ ಮೂಸಿದವಳಲ್ಲ.

ಸ್ಟೀಲಿನ ಲೋಟ ಆಗದಂತೆ.
ಜಾಮು ಮುಗಿದ ಗಾಜಿನ ಡಬ್ಬಿ ಎರಡು ತೊಳೆದೆ.

ಮೊದಲನೆಯದಕ್ಕೆ ಮುರುಗಲ ಸಾರು ತಿಳಿಯಾಗಿ ಸೋಸಿದ ಬಣ್ಣ.
ದ್ರಾಕ್ಷಿ, ಲವಂಗ, ನಾತಾಳಕ್ಕೆ ಇನಾಸನ ಮನೆಯಿಂದ ಬರುವ
ಕೇಕಿನ ಕರಿದಾದ ತಳ.
ಚೆನ್ನಾಗಿತ್ತು, ಇಲ್ಲವೆನ್ನಲಾರೆ,
ಮದುವೆಮನೆಗೆ ಬಂದ ಸಿರಿವಂತ ಮಾವನ ಹಾಗೆ
ಸಿಕ್ಕವರ ಕೆನ್ನೆಯನ್ನೆಲ್ಲ ಹಿಂಡುತ್ತ.

ಎರಡನೆಯದು ಜೇನು, ಒಣಹುಲ್ಲು, ತುಸು ಏಲಕ್ಕಿ.
ಒಂದು ತಪ್ಪಿಲ್ಲ.
ತಪ್ಪೇ ಇಲ್ಲದವರ ಜತೆ
ಎಷ್ಟು ಹೊತ್ತು ಅಂತ ಕೂರುವುದು?

"ಈ ಮೂರನೆಯದು ಬಿಡು, ಬರೀ ಆಸ್ಪತ್ರೆ,
ಕಪ್ತಾನ ಕೊಟ್ಟ, ಬೇಡವೆನ್ನಲಾಗಲಿಲ್ಲ."
ಮೂಗಿನ ಹತ್ತಿರ ತಂದೆ. ದೂರ ಹಿಡಿದೆ.
ಮತ್ತೆ ತಂದೆ.

ಟಿಂಚರು ಹೌದು.
ಅದರ ಬೆನ್ನಿಗೆ ದೋಣಿಯ ಹೊಟ್ಟೆಗೆ ಬಳಿವ ಡಾಂಬರು,
ಒದ್ದೆ ಹಗ್ಗ, ತೆಂಗಿನ ಸಿಪ್ಪೆಯ ಹೊಗೆ,
ಮಿರಗಕ್ಕೆ ಮುಂಚೆ ಅಟ್ಟ ಏರಿದ ಒಣ ಬಂಗಡೆ,
ಮತ್ತೆ, ಯಾರೂ ಕರೆಯದೆ,
ಶಿರಸಿಯ ಬಸ್ಸು.

ದೇವಿಮನೆ ಘಟ್ಟದ ತಿರುವಿನಲ್ಲಿ ಕಿಟಕಿಗಳೆಲ್ಲ ಒಂದೊಂದಾಗಿ ತೆರೆಯುತ್ತಿದ್ದವು,
ಸೆರಗು ಮೂಗಿಗೆ ಏರುತ್ತಿತ್ತು,
"ಯಾರದೇ ಬುಟ್ಟಿ? ಮೇಲೆ ಹಾಕಬೇಕಿತ್ತು!"
ಅವ್ವಿ ಕಾಲಸಂದಿಯಲ್ಲಿ ಬುಟ್ಟಿ ಒತ್ತಿ ಹಿಡಿದು
ಎಲ್ಲೋ ನೋಡುತ್ತಿದ್ದಳು.
ನಾನು ನಾಲ್ಕು ಸೀಟು ಮುಂದೆ,
ಯಾರ ಮಗಳೂ ಅಲ್ಲ.
ಬಸ್ಸು ಹತ್ತುವ ಮೊದಲೇ
ನನ್ನ ಟಿಕೀಟಿನ ಚಿಲ್ಲರೆ ನನ್ನ ಕೈಗೆ ಕೊಟ್ಟಿರುತ್ತಿದ್ದಳು.
ಹಾಗೆ ಕೊಡು ಎಂದು ನಾನು ಕೇಳಿರಲಿಲ್ಲ.

"ಅಲ್ಲಿಯವರು ಜೌಗಿನ ಮಣ್ಣು ಕಡಿದು ಒಣಗಿಸಿ ಉರಿಸುತ್ತಾರೆ,
ಆ ಹೊಗೆಯಲ್ಲಿ ಬಾರ್ಲಿ.
ಆಮೇಲೆ ಕಡಲ ಬದಿಯ ಗೋದಾಮಿನಲ್ಲಿ
ಹದಿನಾರು ವರ್ಷ ಪೀಪಾಯಿಯೊಳಗೆ ಸುಮ್ಮನೆ."
ಇನಾಸ ಹೇಳುತ್ತಲೇ ಇದ್ದ.
ಬೆಲೆ ಕೇಳಿದೆ. ಹೇಳಿದ.
ಅವ್ವಿಯ ಎಷ್ಟು ಬುಟ್ಟಿಗೆ ಸಮ ಎಂದು
ಗುಮಾಸ್ತೆಯ ಚಟ, ಲೆಕ್ಕಕ್ಕೆ ಕೂತೆ;
ಅರ್ಧಕ್ಕೇ ಬಿಟ್ಟೆ.

ನೀರು ಬೇಕು, ಹೆಚ್ಚಲ್ಲ.
ಬೇಸಿಗೆಯಲ್ಲಿ ನಮ್ಮ ಬಾವಿ ಉಪ್ಪಾಗುತ್ತದೆ,
ಪಕ್ಕದ ಮನೆಯ ನಳದ ನೀರು,
ಕಣ್ಣಿನ ಪೊರೆ ತೆಗೆಸಿದಾಗ ಕೊಟ್ಟ ಡ್ರಾಪರು, ಮೂರು ಸಲ ಕುದಿಸಿ.
ಒಂದು ಹನಿಗೆ ಏನೂ ಇಲ್ಲ.
ನಾಲ್ಕನೆಯದಕ್ಕೆ ಹೊಗೆ ಪಕ್ಕಕ್ಕೆ ಸರಿದು
ಹಿಂದೆ ನಿಂತಿದ್ದ ಸಿಹಿಯೊಂದು ಕಂಡಿತು:
ಬೂದಿಯಲ್ಲಿ ಸುಟ್ಟ ಗೆಣಸು,
ಸಿಪ್ಪೆಯ ಒಳಬದಿಗೆ ಅಂಟಿಕೊಂಡೇ ಉಳಿಯುವ ಭಾಗ.
ಐದನೆಯ ಹನಿಗೆ ಎಲ್ಲ ಕೆಟ್ಟಿತು.
ಹಾಗಾಗಿ ನನ್ನದು ನಾಲ್ಕು.

"ಇದು" ಅಂದೆ.
ಇನಾಸ ನಕ್ಕ, ಆಮೇಲೆ ನಗು ನಿಲ್ಲಿಸಿ
ಸೀಸೆಯನ್ನು ನನ್ನ ಕಡೆಗೆ ತಳ್ಳಿದ.

ಈಗ ಶನಿವಾರ ಮಾತ್ರ, ಎರಡು ಬೆರಳು.
ಬೋಟುಗಳು ಮರಳಿದ ಮೇಲೆ,
ನಡುಗಡ್ಡೆಯ ದೀಪ ತಿರುಗತೊಡಗಿದ ಮೇಲೆ.
ನಂಜಲು ಏನೂ ಬೇಡ. ಒಮ್ಮೊಮ್ಮೆ
ಹುರಿದ ಶೆಟ್ಲಿ ನಾಲ್ಕು.
ಉಗುಳು ನುಂಗಿದರೂ ಹೋಗದೆ
ನಾಲಿಗೆಯ ಬುಡದಲ್ಲಿ ಕೂತಿರುತ್ತದೆ ಅದು,
ಮಾತಾಡಿಸಿದರೆ ಮಾತಾಡುವ ಹಾಗೆ.

ಮೊನ್ನೆ ಬೇಲಿಯ ಆಚೆಯಿಂದ ಸೊಸೆಹುಡುಗಿ ಸುಗಂಧಿ,
"ಅಕ್ಕಾ, ಒಣಮೀನು ಸುಡ್ತಿದ್ರಾ? ಎಷ್ಟು ವಾಸನೆ!"
"ಹೌದೇ" ಅಂದೆ,
"ನಮ್ಮವ್ವಿಯ ಬುಟ್ಟಿಯದು."

ನೋಡಿದರೆ ಬಿರಡೆ ಹಾಕುವುದನ್ನೇ ಮರೆತಿದ್ದೆ.