ಶೆಟ್ಟರ ಅಂಗಡಿಯ ಲೆಕ್ಕ

ಪಟ್ಟದ ಗೊಂಬೆಗಳು ಮೇಲೆ, ಕೊನೆಯ ಮೆಟ್ಟಿಲಲ್ಲಿ
ಡೊಳ್ಳುಹೊಟ್ಟೆಯ ಶೆಟ್ಟರು, ಪಕ್ಕಕ್ಕೆ ಮೂಗುತಿಯ ಹೆಂಡತಿ,
ಮುಂದೆ ಅಂಗಡಿ:
ಬೆರಳುದ್ದದ ಬಟ್ಟಲುಗಳಲ್ಲಿ ಅಕ್ಕಿ, ತೊಗರಿ, ಹುರುಳಿ,
ಒಂದು ಅಚ್ಚು ಬೆಲ್ಲ.
ಈ ವರ್ಷ ಹೊಸ ಸರಕು ಬಂದಿತ್ತು,
ಮಡಿಕೇರಿಯಿಂದ ಯಾರೋ ತಂದ ಕಪ್ಪು ಚಾಕೊಲೇಟು,
ಮಿರಿಮಿರಿ ಕಾಗದದಲ್ಲಿ.
ಜೋಡಿಸಿದವಳು ಮೇದಿನಿ, ಎರಡನೇ ಕ್ಲಾಸು.
"ಶೆಟ್ಟರಿಗೂ ವ್ಯಾಪಾರ ಆಗಬೇಕಲ್ವಾ ಅತ್ತೆ" ಅಂದಳು.
ನಾನು ನಕ್ಕೆ.
ನಕ್ಕವಳು ನಾನೇ, ಅದನ್ನೂ ಲೆಕ್ಕಕ್ಕೆ ಬರೆದುಕೊಳ್ಳಿ.

ಹುರುಳಿ ಅಂದರೆ ನಮ್ಮ ನಾಯಿ ಕೂಡ.
ಬಣ್ಣ ನೋಡಿ ಇಟ್ಟ ಹೆಸರು. ಹನ್ನೊಂದು ಕಿಲೋ ತೂಕ.
ಮುದ್ದೆ, ಮೊಸರನ್ನ, ಒಮ್ಮೆ ನನ್ನ ಎಡಗಾಲಿನ ಚಪ್ಪಲಿ,
ಏನು ತಿಂದರೂ ಅರಗಿಸಿಕೊಂಡಿತ್ತು.

ವಿಜಯದಶಮಿ. ಅಂಬಾರಿ ಟೀವಿಯಲ್ಲೇ ಚೆಂದ ಅಂತ
ಎಲ್ಲರೂ ನಡುಮನೆಯಲ್ಲಿ.
ಕುಶಾಲತೋಪು ಹಾರಿತು,
ಇಟ್ಟಿಗೆಗೂಡಿನ ಕಿಟಕಿ ಗಾಜೆಲ್ಲ ಜುಂ ಅಂದವು.
ನಾವು ಎಣಿಸಿದೆವು, ಒಂದು, ಎರಡು, ಇಪ್ಪತ್ತೊಂದರವರೆಗೆ.
ಹುರುಳಿ ಎಣಿಸಲಿಲ್ಲ. ಬಾಲ ಮಡಚಿ
ಮೆಟ್ಟಿಲಿಗೆ ಹೊದಿಸಿದ ಬಿಳಿ ಪಂಚೆಯ ಹಿಂದೆ ನುಗ್ಗಿತು.
ಹೆದರಿದ ಜೀವಕ್ಕೆ ಬಾಯಾಡಿಸಲು ಏನಾದರೂ ಬೇಕು.
ಶೆಟ್ಟರು ಬೇಡ ಅನ್ನಲಿಲ್ಲ.

ಕಾಗದದ ಚೂರು ಕಂಡಾಗ ನಾಯಿ ಚೆನ್ನಾಗೇ ಇತ್ತು,
ತುಟಿ ನೆಕ್ಕಿ ಬಾಲ ಆಡಿಸಿತು.
"ಈಗ ಚೆನ್ನಾಗೇ ಇರುತ್ತೆ ಕಣ್ರೀ, ಅದೇ ಮೋಸ,"
ಫೋನಿನಲ್ಲಿ ಡಾಕ್ಟರ್ ಬೋಜಮ್ಮ.
ನಮಗೆ ಹಿಗ್ಗು ಕೊಡುವ ಸತ್ವವೇ
ನಾಯಿಯ ಮೈಯಿಂದ ಹೊರಡಲು ದಾರಿ ಸಿಗದೆ
ಗಂಟೆಗಟ್ಟಲೆ ಎದೆಯ ಬಾಗಿಲು ಬಡಿಯುತ್ತದಂತೆ.
"ಎಷ್ಟು ತಿಂತು? ಎಷ್ಟು ಹೊತ್ತಾಯ್ತು? ಎಷ್ಟು ಕಪ್ಪು?
ಈಗಲೇ ಕರಕೊಂಡು ಬನ್ನಿ."
ಈಗಲೇ ಅಂತೆ!
ಅರ್ಧ ಊರಿಗೆ ಹಗ್ಗ ಕಟ್ಟಿದ್ದಾರೆ, ಆನೆ ಹೊರಟಿದೆ.

ಜಬೀವುಲ್ಲಾನ ಆಟೋ ಇನ್ನೂ ಮದುಮಗನಂತಿತ್ತು,
ನಿನ್ನೆಯ ಪೂಜೆಯ ಬಾಳೆಗಿಡ, ಬಾಡಿದ ಚೆಂಡುಹೂ.
"ಸರಸ್ವತಿಪುರಂ ತಾನೆ? ಊರನ್ನೇ ಸುತ್ತುಹಾಕೋಣ ಬನ್ನಿ."
ರೇಸ್‌ಕೋರ್ಸ್ ಬಳಸಿ, ನಂಜನಗೂಡು ರಸ್ತೆ ಹಿಡಿದು
ಖಾಲಿ ಬೀದಿಗಳಲ್ಲಿ ಬಾಳೆಲೆ ಪಟಪಟ ಬಡಿಯುತ್ತಾ.
"ಎಷ್ಟು ಇಟ್ಟಿದ್ದೆ ಮೇದಿನಿ?"
"ಹದಿನಾರು."
ಮತ್ತೆ ಮಾತಿಲ್ಲ.
ನಂಜುಮಳಿಗೆ ದಾಟಿದ ಮೇಲೆ ಮುಖ ಆಚೆ ತಿರುಗಿಸಿ,
"ಏಳು ನಾನೇ ತಿಂದೆ ಅತ್ತೆ. ಪಾಡ್ಯದಿಂದ ದಿನಾ ಒಂದು.
ಶೆಟ್ಟರಿಗೆ ಹೇಳೇ ತಗೊಂಡಿದ್ದು."

ಕಳ್ಳತನದ ಸುದ್ದಿಗೆ ಇಷ್ಟು ಖುಷಿ
ನಾನೆಂದೂ ಪಟ್ಟವಳಲ್ಲ.
ಹದಿನಾರರಲ್ಲಿ ಏಳು ಹೋದರೆ ಒಂಬತ್ತು!
ಭುಜ ಹಿಡಿದು ಅಲುಗಿಸಿದೆ:
"ಇನ್ನೆರಡು ತಿಂದಿರಬೇಕು ಕಣೇ, ನೆನಪು ಮಾಡಿಕೋ."
ಅವಳು ಅಳತೊಡಗಿದಳು.
ಜಬೀ ಕನ್ನಡಿಯಲ್ಲಿ ನೋಡಿ ಸುಮ್ಮನೆ ಗೇರು ಬದಲಿಸಿದ.

ಸೂಜಿ. ವಾಂತಿ. ಮಿರಿಮಿರಿ ಕಾಗದವೂ ಬಂತು.
ಆಮೇಲೆ ಇದ್ದಿಲ ನೀರು ಕುಡಿಸಿದರು,
ಮೀಸೆ ಗಡ್ಡವೆಲ್ಲ ಮಸಿ.
"ನಮ್ಮೂರದ್ದೇ ಚಾಕೊಲೇಟು," ಕಾಗದ ಬಿಡಿಸಿ ಓದಿ
ಬೋಜಮ್ಮ ಕಸದ ಬುಟ್ಟಿಗೆ ಹಾಕಿದರು.
"ರಾತ್ರಿ ಎದೆ ಮುಟ್ಟಿ ನೋಡ್ತಾ ಇರಿ. ಓಟ ಹೆಚ್ಚಾದರೆ ಫೋನ್ ಮಾಡಿ."

ಮನೆಯಲ್ಲಿ ಅಲಮೇಲು ಚಿಕ್ಕಮ್ಮ ಆರತಿ ಮುಗಿಸಿ
ರಾಜನನ್ನೂ ರಾಣಿಯನ್ನೂ ಮಲಗಿಸಿದ್ದರು.
ದಶಮಿಯ ರಾತ್ರಿ ಪಟ್ಟದ ಗೊಂಬೆಗೆ ನಿದ್ದೆ,
ಅದು ಪದ್ಧತಿ.
ಶೆಟ್ಟರನ್ನು ಯಾರೂ ಮಲಗಿಸುವುದಿಲ್ಲ.

ಬನ್ನಿಮಂಟಪದ ಕಡೆ ಬಾಣಬಿರುಸು.
ಚಾಪೆಯ ಮೇಲೆ ಹುರುಳಿ, ಅದರ ಪಕ್ಕೆಗೆ ನನ್ನ ಕೈ.
ಒಳಗೆ ಯಾರೋ ಓಡುತ್ತಿದ್ದಾರೆ,
ಬಾಗಿಲಿಂದ ಬಾಗಿಲಿಗೆ.
ನೂರಾ ಹನ್ನೆರಡರವರೆಗೆ ಎಣಿಸಿ ತಪ್ಪಿದೆ.
ಕೊನೆಯ ಮೆಟ್ಟಿಲಲ್ಲಿ ಅಂಗಡಿ ತೆರೆದೇ ಇದೆ,
ಶೆಟ್ಟರ ಕಣ್ಣು ತೆರೆದೇ ಇದೆ.
ಮತ್ತೆ ಒಂದರಿಂದ.