ಎರಡನೇ ಕಾಲು

ಮಾಲೂರಿನ ಹೆಂಚಿನ ಗೂಡಿಗೆ ಬೆಂಕಿಯಿಟ್ಟು ನಾಲ್ಕನೇ ದಿನ.
ಗೋಡೆಯ ತೂತಿನಲ್ಲಿ ನನ್ನ ಎರಡು ಕರಿಯ ಕಡ್ಡಿ,
ಒಂದು ತುದಿ ಉರಿಯೊಳಗೆ,
ಇನ್ನೊಂದು ತಣ್ಣೀರು ಹರಿವ ತಾಮ್ರದ ಕೊಳವೆಗೆ ಆತು.

"ಗೂಡಿಗೇ ಜ್ವರದ ಕಡ್ಡಿ ಇಕ್ತೀಯೇನಮ್ಮ?"
ನಾರೆಪ್ಪ ನಕ್ಕ.
ಕಿಂಡಿಗೆ ಕಣ್ಣಿಟ್ಟು ಬಣ್ಣದಲ್ಲೇ ಕಾವು ಹೇಳುವವನು.
ಅವನು ಟಮಾಟ ಅಂದರೆ
ನನ್ನ ಮೀಟರು ಎಂಟುನೂರು ಅನ್ನುತ್ತದೆ,
ಬಾದಾಮಿ ಮಾವು ಅಂದರೆ ಒಂಬೈನೂರೈವತ್ತು.

ಬೋರಾನು ಅಂದರೇನು ಅಂತ ಕೇಳಿದ.
ಬಿಳಿಗಾರ ಗೊತ್ತಲ್ಲ, ಅಂದೆ.
ಬಂಗಾರಪೇಟೆಯಲ್ಲಿ ಅಪ್ಪ ಬೆಸುಗೆ ಹಾಕುವಾಗ
ತಾಳಿಯ ಕೊಂಡಿಗೆ ಚಿಟಿಕೆ ಉದುರಿಸುತ್ತಿದ್ದದ್ದು,
ಉಬ್ಬಿ, ನೊರೆಯಾಗಿ, ಗಾಜಾಗಿ ಕೂರುವುದು.
ಕೇರಂ ಬೋರ್ಡಿನ ಪುಡಿ ಅದರ ನೆಂಟ.
ಅದರೊಳಗಿನ ಹಟಮಾರಿಯೊಬ್ಬನನ್ನೇ ಹೊರಗೆಳೆದು
ಇದ್ದಿಲ ಜತೆ ಎರಡು ಸಾವಿರ ಡಿಗ್ರಿಯಲ್ಲಿ ಅದುಮಿದರೆ
ಈ ಮೊದಲನೇ ಕಡ್ಡಿ.
ವಜ್ರದ ಗರಗಸಕ್ಕಲ್ಲದೆ ಬಗ್ಗದು.

ಒಳಗೆ ಹನ್ನೆರಡು ಹನ್ನೆರಡು ಪರಮಾಣು ಕೈಹಿಡಿದ ಗುಂಪು.
ಗುಂಪಿಂದ ಗುಂಪಿಗೆ ವಿದ್ಯುತ್ತು
ಕುಂಟೆಬಿಲ್ಲೆ ಆಡುತ್ತ ದಾಟುತ್ತದೆ,
ಬಿಸಿ ಏರಿದಷ್ಟೂ ನೆಗೆತಕ್ಕೆ ಹುರುಪು.
ಉಳಿದವರು ಸೋತು ಕರಗುವ ಕಡೆ
ಇದಕ್ಕೆ ಆಟ ಶುರು.

ಆದರೆ ಒಂದೇ ಕಾಲಲ್ಲಿ ಎಷ್ಟು ಹೊತ್ತು ಕುಂಟುವುದು?
ಉಲ್ಟಾ ಸ್ವಭಾವದ ಇನ್ನೊಂದು ಬೇಕು, ಜೋಡಿಗೆ.
ಅದಕ್ಕೇ ಆರು ವರ್ಷ.
ಇಟ್ರಿಯಂ ಬೆರೆಸಿದೆ, ಸಾರಜನಕ ಊದಿದೆ,
ಮುರಿದ ಹತ್ತೊಂಬತ್ತು ಕಡ್ಡಿ ಹಾರ್ಲಿಕ್ಸ್ ಬಾಟಲಿಯಲ್ಲಿವೆ.
ಗೋಡೆಯಲ್ಲಿರುವುದು ಇಪ್ಪತ್ತನೆಯದು.

ಸಂಜೆ ಆರೂಕಾಲಿಗೆ ದೀಪ ಹತ್ತಿತು,
ಸಾಸಿವೆಯಷ್ಟು ಕೆಂಪು.
"ಇಷ್ಟಕ್ಕಾ ಅಷ್ಟು ಬೆಂಕಿ!" ಅಂದವನು
ಬೀಡಿ ಬಾಯಲ್ಲಿಟ್ಟು ಹಚ್ಚದೆ ನೋಡುತ್ತಲೇ ನಿಂತ.
ಹನ್ನೊಂದು ನಿಮಿಷ.
ಆಮೇಲೆ ಟಿಕ್.

ಇಕ್ಕಳದಲ್ಲಿ ಎಳೆದು ಬೂದಿಯ ಮೇಲೆ ಹಾಕಿದೆ.
ಆರಿದ ಮೇಲೆ ತುಂಡನ್ನು ಕಿವಿಗೆ ಹಿಡಿದು
ಉಗುರಲ್ಲಿ ತಟ್ಟಿದ, ಹೆಂಚು ತಟ್ಟುವ ಹಾಗೆ.
ತಿರುಗಿಸಿ ಮತ್ತೊಮ್ಮೆ.
"ಇವತ್ತು ಒಡೆದಿದ್ದಲ್ಲ ಇದು.
ಬರ್ತಾನೇ ಬಿರುಕಿತ್ತು.
ನಿಮ್ಮ ಕುಲುಮೇಲಿ ಎಷ್ಟೊತ್ತು ಆರಕ್ಕೆ ಬಿಡ್ತೀಯಾ?"
ನಾಲ್ಕು ಗಂಟೆ, ಅಂದೆ.
ಅವನು ಮೂರು ಬೆರಳು ಎತ್ತಿದ.
ದಿನ.

ಲ್ಯಾಬಿನ ಕುಲುಮೆಗೊಂದು ಸರದಿ ಪುಸ್ತಕ,
ತಲೆಗೊಂದು ಹಗಲು.
ಬಾಗಿಲು ಮುಚ್ಚಿ ಮೂರು ದಿನ ಸುಮ್ಮನಿರುವುದಕ್ಕೆ
ಕಾರಣದ ಕಾಲಮ್ಮಿನಲ್ಲಿ ಏನು ಬರೆಯಲಿ?
"ಹೆಂಚಿನವರ ಸಲಹೆ" ಎಂದು ಬರೆದೆ.
ಮೇಲಿನವರು ಅದನ್ನು ಹೊಡೆದುಹಾಕಿ
"ಆಂತರಿಕ ಒತ್ತಡ ನಿವಾರಣೆ" ಅಂತ ತಿದ್ದಿ ಸಹಿ ಮಾಡಿದರು.

ಸರದಿ ಸಿಕ್ಕಿದ್ದು ಯುಗಾದಿ ರಜೆಗೆ.
ಈ ಸಲ ಬರಲಾಗಲ್ಲ ಅಂತ ಅಪ್ಪನಿಗೆ ಫೋನ್ ಮಾಡಿದೆ.
ಅಷ್ಟೇನು ಕೆಲಸ, ಅಂದರು.
ಕೆಲಸ ಏನಿಲ್ಲ, ಆರಲಿ ಅಂತ ಕಾಯ್ತಿದೀನಿ, ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸುತ್ತಿಗೆಯ ಸದ್ದು ನಿಂತಿತು.
ಮುಟ್ಟಬೇಡ ಮತ್ತೆ, ಅಂದರು.